ಸೇವಂತಿಗೆ ಹೇಳಿದ ಪಿಶಾಚಿ ಸಿನಿಮಾ

ಭಾನುವಾರ ಪುತ್ತೂರಿನ ಟಾಕೀಸಿನಲ್ಲಿ ಮ್ಯಾಟಿನಿ ನೋಡುವುದು, ಸೋಮವಾರ ಸಂಜೆ ಕಡಬದ ಶುಕೂರನ ಟೈಲರ್ ಅಂಗಡಿಯಲ್ಲಿ ಕುಳಿತು ಅದರ ಹುಳುಕು ಎತ್ತಿ ಆಡುವುದು ಕೃಷ್ಣಮೋಹನನ ಅಭ್ಯಾಸ. ವಾರವಿಡೀ ಕೊಯಿಲದ ಫಾರ್ಮಿನಲ್ಲಿ ದನಗಳ ನಡುವೆ ಕಳೆಯುವ ಅವನಿಗೆ ಬಾಯಿತುಂಬ ಮಾತಾಡಲು ಸಿಗುತ್ತಿದ್ದುದು ಆ ಒಂದು ಸಂಜೆ ಮಾತ್ರ.

ಎಂಬತ್ತಮೂರನೆಯ ಇಸವಿ. ಟಾಕೀಸಿಗೆ ಒಂದರ ಹಿಂದೆ ಒಂದು ಪಿಶಾಚಿ ಸಿನಿಮಾಗಳೇ ಬರುತ್ತಿದ್ದ ಕಾಲ.

“ಈ ಸಲದ್ದು ಬರೀ ಬೋಗಸ್ ಮಾರಾಯ,” ಎಂದ ಅವನು. “ಸತ್ತ ಗಂಡ ವಾಪಸು ಬರ್ತಾನೆ. ಮುಖಕ್ಕೆ ಒಂದು ಡಬ್ಬ ಪೌಡರ್. ಬಾಗಿಲು ತೆಗೆದವಳೇ ಹೆಂಡತಿ ಬೊಬ್ಬೆ ಹಾಕ್ತಾಳೆ. ನಂಗೆ ನಗು ತಡೀಲಿಕ್ಕೆ ಆಗ್ಲಿಲ್ಲ.”

ಮೂಲೆಯಲ್ಲಿ ರವಿಕೆಗೆ ಹುಕ್ಸ್ ಹೊಲಿಯುತ್ತಿದ್ದ ಹೊಸ ಕೆಲಸದವಳು ಬಟ್ಟೆ ಕೆಳಗಿಟ್ಟು ಹೊರಗೆ ನಡೆದಳು.

ಶುಕೂರ್ ಕತ್ತರಿ ನಿಲ್ಲಿಸಿದ. “ನಿಂಗೆ ಗೊತ್ತಿಲ್ವಾ? ಸೇವಂತಿಯ ಗಂಡ ಲಾರಿ ಕ್ಲೀನರ್ ಆಗಿದ್ದ. ಹೋದ ವರ್ಷ ಘಾಟಿಯಲ್ಲಿ ಲಾರಿ ಮಗುಚಿ ತೀರಿಹೋದ. ಈಗ ಅವಳು, ಅವಳ ಅತ್ತೆ, ಇಬ್ಬರೇ.”

ಮುಂದಿನ ಸೋಮವಾರ ಕೃಷ್ಣಮೋಹನ ಅವಳ ಮುಂದೆ ನಿಂತು, “ತಪ್ಪಾಯ್ತು,” ಎಂದ. ಅವಳು ತಲೆ ಎತ್ತದೆಯೇ ಕೇಳಿದಳು.

“ಅವನು ಎಂತಕ್ಕೆ ಬಂದದ್ದು?”

“ಯಾರು?”

“ಸಿನಿಮಾದಲ್ಲಿ ಸತ್ತವನು.”

“ಸೇಡಿಗೆ. ಎಲ್ಲ ಸಿನಿಮಾದಲ್ಲೂ ಸೇಡಿಗೇ ಬರುದು.”

“ಸುಮ್ಮನೆ ನೋಡ್ಲಿಕ್ಕೆ ಯಾರೂ ಬರುದಿಲ್ವಾ? ಹೆಂಡತಿ ಊಟ ಮಾಡಿದ್ಳಾ ಅಂತ?”

ಆಮೇಲಿನ ಭಾನುವಾರಗಳಲ್ಲಿ ಅವನು ಸಿನಿಮಾ ನೋಡಿದ್ದು ಅವಳಿಗೆ ಹೇಳಲಿಕ್ಕೆಂದೇ. ಅವಳ ಪ್ರಶ್ನೆಗಳು ಅಂಥವು.

“ಅಳುವಾಗ ಅವಳ ಕಾಡಿಗೆ ಹರಡಿತಾ?”

“ಇಲ್ಲ.”

“ಹಾಗಾದ್ರೆ ಅವಳು ಅತ್ತದ್ದೇ ಅಲ್ಲ, ಬಿಡಿ.”

ನೂಲನ್ನು ಹಲ್ಲಿನಲ್ಲಿ ಕಡಿಯುತ್ತ ಅವಳು ಓರೆಗಣ್ಣಿನಲ್ಲಿ ನೋಡುವಳು. ತುಟಿಯ ತುದಿಯಲ್ಲಿ ಸಣ್ಣ ನಗೆಯೊಂದು ಬಂದು ತಕ್ಷಣ ಅಡಗುವುದು. ಆ ನಗೆಗಾಗಿ ಕಾದು ಅವನು ಎಷ್ಟೋ ಸಲ ಕೊನೆಯ ಬಸ್ಸು ತಪ್ಪಿಸಿಕೊಂಡು ಕೊಯಿಲಕ್ಕೆ ನಡೆದೇ ಹೋದ.

ಒಂದು ದಿನ ಧೈರ್ಯ ಮಾಡಿ ಕೇಳಿದ. “ಈ ವಾರ ಡಿಟೆಕ್ಟಿವ್ ಸಿನಿಮಾ ಉಂಟು. ಅತ್ತೆಯನ್ನೂ ಕರ್ಕೊಂಡು ಬನ್ನಿ. ನಾನು ಹೇಳುದಕ್ಕಿಂತ ನೋಡುದು ಒಳ್ಳೇದು.”

ಅವಳ ಮುಖ ಬಾಡಿತು. ಮರುವಾರ ಅವಳ ಜಾಗ ಖಾಲಿಯಿತ್ತು. ಅದರ ಮರುವಾರವೂ.

“ಬಟ್ಟೆ ಮನೆಗೇ ಕೊಂಡುಹೋಗ್ತಾಳೆ ಈಗ,” ಎಂದ ಶುಕೂರ್, ಅವನ ಮುಖ ನೋಡದೆ.

ಕೃಷ್ಣಮೋಹನ ಕೇಳಿಕೊಂಡು ಅವಳ ಮನೆ ಹುಡುಕಿದ. ಜಗಲಿಯಲ್ಲಿ ಅತ್ತೆ ಬೀಡಿ ಕಟ್ಟುತ್ತಿದ್ದರು. ಸೇವಂತಿ ಬಾಗಿಲ ದಾರಂದಕ್ಕೆ ಒರಗಿ ನಿಂತಳು.

“ನಾನು ಎಂತಾದ್ರೂ ತಪ್ಪು ಹೇಳಿದೆನಾ?”

“ತಪ್ಪು ನಿಮ್ದಲ್ಲ.” ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಅವರ ಒಂದು ಫೋಟೋ ಕೂಡ ನಮ್ಮಲ್ಲಿ ಇಲ್ಲ. ಉಳಿದದ್ದು ಸ್ವರ ಮಾತ್ರ. ಕಣ್ಣು ಮುಚ್ಚಿದರೆ ಕೇಳ್ತಿತ್ತು. ಈಗ ಕಣ್ಣು ಮುಚ್ಚಿದರೆ ನಿಮ್ಮ ಸ್ವರ ಕೇಳ್ತದೆ. ಅವರದ್ದು ಬರುದೇ ಇಲ್ಲ. ನಂಗೆ ಹೆದರಿಕೆ ಆಗ್ತದೆ.”

ತಿಂಗಳುಗಟ್ಟಲೆ ಅವನು ಆಸೆಪಟ್ಟ ಮಾತು ಅದು. ಆದರೆ ಅಷ್ಟೊಂದು ದುಃಖವನ್ನು ಹೊತ್ತು ಬಂದ ಆ ಮಾತಿಗೆ ಸಂತೋಷಪಡುವುದು ಅವನಿಂದಾಗಲಿಲ್ಲ. ಮೆಲ್ಲನೆ ಮೆಟ್ಟಿಲ ಮೇಲೆ ಕುಳಿತ.

“ಅವರು ಹೇಗೆ ಮಾತಾಡ್ತಿದ್ರು?”

ಸೇವಂತಿ ಬೆಚ್ಚಿ ನೋಡಿದಳು.

“ಹೇಳಿ. ನಂಗೂ ಗೊತ್ತಿರ್ಲಿ. ನೀವು ಮರೆತರೆ ನಾನು ನೆನಪು ಮಾಡ್ತೇನೆ.”

ಬೀಡಿ ಸುತ್ತುತ್ತಿದ್ದ ಅತ್ತೆಯ ಕೈ ನಿಂತಿತು. “ಅವನದ್ದು ಸ್ವಲ್ಪ ಮೂಗಿನ ಸ್ವರ,” ಎಂದರು. “ಬೇಲಿಯ ತಡಮೆ ದಾಟುವಾಗಲೇ ಕೂಗಿ ಕರೆಯುದು. ಮೊದಲು ಇವಳನ್ನು, ಆಮೇಲೆ ನನ್ನನ್ನು.”

“ಇಲ್ಲ ಅತ್ತೆ. ಮೊದಲು ನಿಮ್ಮನ್ನೇ.”

“ಇವಳಿಗೆ ಎಂತ ಗೊತ್ತು! ನಾನಲ್ವಾ ಜಗಲಿಯಲ್ಲಿ ಕೂತಿರುದು?”

“ಮೊದಲು ‘ಅಮ್ಮಾ’ ಅಂತಲೇ ಕರೆಯುದು. ನಾನು ಒಲೆ ಹತ್ತಿರ ಕಾಯ್ತಾ ಇರ್ತಿದ್ದೆ, ನನ್ನ ಹೆಸರು ಯಾವಾಗ ಬರ್ತದೆ ಅಂತ.”

ಹೇಳುತ್ತ ಹೇಳುತ್ತ ಅವಳು ಥಟ್ಟನೆ ಮಾತು ನಿಲ್ಲಿಸಿದಳು. ಕಣ್ಣು ಅಗಲವಾಯಿತು. ಏನೋ ಕೇಳಿಸಿತೆಂಬಂತೆ ಕತ್ತು ವಾಲಿಸಿದಳು. ಕಣ್ಣೀರು ಧಾರೆಯಾಗಿ ಇಳಿಯಿತು. ಅತ್ತೆ ಅವಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ಅತ್ತರು. ಕೃಷ್ಣಮೋಹನ ಅಂಗಳದತ್ತ ಮುಖ ತಿರುಗಿಸಿ ಕುಳಿತೇ ಇದ್ದ.

ಬಿಸಿಲು ಇಳಿದ ಮೇಲೆ ಅವನು ಎದ್ದ.

“ಮಗಾ,” ಎಂದರು ಅತ್ತೆ, “ಬರುವ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಾ. ನಿನ್ನ ತಾಯಿಯನ್ನೂ ಕರ್ಕೊಂಡು ಬಾ. ನಂಗೆ ಅವರ ಹತ್ತಿರ ಮಾತಾಡ್ಲಿಕ್ಕೆ ಉಂಟು.”

ಅವನು ಸೇವಂತಿಯನ್ನು ನೋಡಿದ. ಅಳು ಇನ್ನೂ ಆರದ ಆ ಕಣ್ಣುಗಳು ಈ ಸಲ ತಗ್ಗಲಿಲ್ಲ.

“ಬರ್ಬೇಕು,” ಎಂದಳು ಅವಳು.