ಮೂರನೇ ಭಾಗದ ನಾಲ್ಕು ಹಾಳೆ

"ಮೂರನೇ ಭಾಗವೇ ಇಲ್ಲ ಆಂಟಿ," ಎಂದು ಬೃಂದಾ ಫೈಲನ್ನು ಮಗುಚಿ ತೋರಿಸಿದಳು. "ನಾಲ್ಕು ಹಾಳೆ. ಕೈಬರಹ. ಬೇರೆ ಪ್ರತಿ ಇಲ್ಲ."

ಡೋಲ್ಫಿಗೆ ರೋಸಿಹೋಯಿತು. ಆಗಸ್ಟಿನ ಶುಕ್ರವಾರ, ಇರುವುದೊಂದು ರಜೆ. ಕುವೈತಿನ ಮೈದಾನ್ ಹವಲ್ಲಿಯ ಹಳೆಯ ಕಟ್ಟಡದಲ್ಲಿದ್ದ ಬೃಂದಾಳ ಮನೆಗೆ ಬಂದವನೇ ಮೈಮರೆತು ಅಡುಗೆಮನೆಯ ನೀಲಿ ಗುರುತಿನ ತಣ್ಣೀರು ನಲ್ಲಿ ತಿರುಗಿಸಿ ಬೆರಳು ಸುಟ್ಟುಕೊಂಡಿದ್ದ. ಈಗ ಇದೊಂದು. ಅನಸೂಯಮ್ಮ ಆಗಲೇ ಕನ್ನಡಕ ಒರೆಸುತ್ತಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಅವರು ಹಿರಿಯ ತಂತ್ರಜ್ಞೆ, ಅವನು ಎಕ್ಸ್‌ರೇ ವಿಭಾಗದವನು. ಇಂಥ ಪತ್ತೇದಾರಿಗಳಿಗೆ ಅವರ ಹಿಂದೆ ಅಲೆದು ಅವನಿಗೆ ಹತ್ತು ವರ್ಷವಾಗಿತ್ತು.

ಹನ್ನೊಂದಕ್ಕೆ ಅಲ್ಲೇ ಓದುಗರ ಬಳಗದ ಸಭೆ. ಬ್ಯಾಂಕಿನಲ್ಲಿ ದುಡಿಯುವ ಬೃಂದಾ ಮೂರು ತಿಂಗಳು ಓದಿ ಉಪನ್ಯಾಸ ಬರೆದಿದ್ದಳು. ಮೊದಲ ಭಾಗ ಜರ್ಮನ್ ಪುರಾಣ ಆಪೆರಾ ಎಂಬ ಸಂಗೀತನಾಟಕ ಆದದ್ದು, ಎರಡನೆಯದು ತತ್ತ್ವಜ್ಞಾನಿಗಳು ಅದಕ್ಕೆ ಮರುಳಾದದ್ದು, ಮೂರನೆಯದು ಸರ್ವಾಧಿಕಾರಿಗಳು ಅದನ್ನು ಬಳಸಿಕೊಂಡದ್ದು. ಈ ವಿವರವನ್ನು ವಾರದ ಹಿಂದೆಯೇ ಬಳಗದವರಿಗೆ ಕಳಿಸಿದ್ದಳು.

"ಎರಡೇ ಭಾಗ ಓದಿದರೆ ನಾನು ರಕ್ತ, ಕುಲ, ವೀರ ಅಂತ ಹೊಗಳಿದ ಹಾಗಾಗುತ್ತೆ. ನನ್ನ ಹೆಸರಲ್ಲಿ," ಎಂದಳು ಬೃಂದಾ.

"ಅದಕ್ಕೇನಮ್ಮ? ಹಳೇ ಕತೆಯಿಂದಲೇ ಆ ಜನ ಒಂದಾದದ್ದು. ನಾವೂ ಕಲೀಬೇಕು. ಅಧ್ಯಕ್ಷನ ನುಡಿಯಲ್ಲಿ ಅದನ್ನೇ ಹೇಳ್ತೀನಿ," ಎಂದರು ಮಧುಸೂದನ್. ಎಂಜಿನಿಯರ್, ಬಳಗದ ಅಧ್ಯಕ್ಷ. ಡೋಲ್ಫಿಯ ಬೆರಳು ಸುಟ್ಟ ಮೇಲೆ ಬಂದವರು, ಐದು ವರ್ಷದಿಂದ ತಾವಿರುವ ರುಮೈಥಿಯಾದ ಕಟ್ಟಡದ ಈಜುಕೊಳ, ಜಿಮ್, ಚಾವಣಿ ಟ್ಯಾಂಕಿನ ನೀರು ತಣಿಸುವ ಚಿಲ್ಲರ್, ಮೂರನ್ನೂ ಹೊಗಳಿ ಮುಗಿಸಿದ್ದರು.

ಹತ್ತಕ್ಕೆ ಬೃಂದಾ ಹಾಳೆ ಎಣಿಸಿ ಫೈಲನ್ನು ಹಾಲ್‌ನ ಮೇಜಿನ ಮೇಲಿಟ್ಟು ಚಹಾಕ್ಕೆ ಹೋಗಿದ್ದಳು. ಹತ್ತೂಕಾಲಕ್ಕೆ ಹಾಳೆ ಇಲ್ಲ. ಹೊರಬಾಗಿಲು ತೆರೆದಿರಲಿಲ್ಲ. ಅನಸೂಯಮ್ಮ, ಡೋಲ್ಫಿ ಇಬ್ಬರೂ ಅವಳ ಜೊತೆ ಅಡುಗೆಮನೆಯಲ್ಲೇ ಇದ್ದರು. ಮನೆಯಲ್ಲಿದ್ದ ಇನ್ನಿಬ್ಬರು ಗ್ಲೆನ್, ಮಧುಸೂದನ್.

"ಗ್ಲೆನ್, ನೀನು?" ಎಂದು ಅನಸೂಯಮ್ಮ ಕೇಳಿದರು.

"ಬಾಲ್ಕನಿಯಲ್ಲಿ ಫೋನಲ್ಲಿದ್ದೆ, ಆಂಟಿ. ಅಂಗಿ ಮುಟ್ಟಿ ನೋಡಿ, ಹಿಂಡಿದರೆ ಒಂದು ಚೊಂಬು ನೀರು ಸಿಕ್ಕೀತು," ಎಂದ ಹಡಗು ಕಂಪನಿಯ ಗ್ಲೆನ್. ಅಂಗಿ ನಿಜಕ್ಕೂ ಮೈಗಂಟಿತ್ತು.

"ಮಧುಸೂದನ್, ನೀವು?"

"ಬಾತ್‌ರೂಮಲ್ಲಿ. ನೀಲಿ ನಲ್ಲಿ ಬಿಟ್ಕೊಂಡು ಹತ್ತು ನಿಮಿಷ ತಲೆಗೆ, ಮುಖಕ್ಕೆ ತಣ್ಣೀರು. ಈ ಸೆಕೆಗೆ ಹಾಯಾಯ್ತು."

ಅನಸೂಯಮ್ಮ ಎದ್ದು ಬಾತ್‌ರೂಮಿಗೆ ಹೋಗಿಬಂದರು.

"ಎಂತ ಮಾರಾಯ್ರೆ ಇದು? ಸೋಫಾ ಎತ್ತಿ ಹುಡುಕುವುದು ಬಿಟ್ಟು ಮುಖ ತೊಳೀತೀರಾ?" ಎಂದು ಡೋಲ್ಫಿ ಗೊಣಗಿದ.

"ನಿನ್ನ ಬೆರಳು ತೋರಿಸು. ಯಾವ ನಲ್ಲಿ?"

"ನೀಲಿ. ಸಾಯಲಿ."

ಅವರು ಎಲ್ಲರನ್ನೂ ಕೂರಿಸಿದರು.

"ಕಳ್ಳ ಬೇಕಾದ್ದನ್ನೇ ಆರಿಸಿದ್ದಾನೆ. ಮೊದಲೆರಡು ಭಾಗ ಹಾಗೇ ಇವೆ. ಅಂದರೆ ಮೂರನೆಯದರಲ್ಲಿ ಏನಿದೆ ಅಂತ ಗೊತ್ತು, ಅದು ಓದಬಾರದು ಅಂತ ಆಸೆ. ಅಡುಗೆಮನೆಯಲ್ಲಿ ನಾವು ಮೂವರು. ಗ್ಲೆನ್ ಒಳಗೇ ಇದ್ದಿದ್ದರೆ ಹಾಗೆ ಬೆವರುತ್ತಿರಲಿಲ್ಲ. ಉಳಿದವರು ಮಧುಸೂದನ್. ಈ ಕಟ್ಟಡದ ಟ್ಯಾಂಕು ಬಿಸಿಲಲ್ಲಿ ಕಾಯುತ್ತೆ, ನೀಲಿ ನಲ್ಲಿಯಲ್ಲಿ ಬರೋದು ಕುದಿನೀರು. ಬೇಸಿಗೆಯಲ್ಲಿ ಇಲ್ಲಿಯವರು ಗೀಸರ್ ಆರಿಸಿ, ಅದರಲ್ಲಿ ನಿಂತು ತಣಿದ ನೀರನ್ನ ಕೆಂಪು ನಲ್ಲಿಯಿಂದ ಹಿಡೀತಾರೆ. ಈಗ ತಾನೇ ನೋಡಿಬಂದೆ: ಬಾತ್‌ರೂಮಲ್ಲೂ ಹಾಗೇ, ಬೇಸಿನ್ ಕೂಡ ಒಣಗಿದೆ. ನೀಲಿ ನಲ್ಲಿಯಲ್ಲಿ ತಣ್ಣೀರು ಬರೋದು ಚಿಲ್ಲರ್ ಇರೋರ ಮನೇಲಿ. ಅಭ್ಯಾಸಬಲದಿಂದ ನಿಮ್ಮ ಮನೆಯ ನೀರನ್ನ ಇಲ್ಲಿ ಸುರಿದುಕೊಂಡ್ರಿ."

ಮಧುಸೂದನ್ ಲ್ಯಾಪ್‌ಟಾಪ್ ಚೀಲದ ಕಡೆ ನೋಡಿ, ಕೊನೆಗೆ ಹಾಳೆ ಹೊರತೆಗೆದರು. "ಇಕಾಮಾ ಮೇಲೆ, ಇವರು ಕೊಡೋ ವಾಸದ ಪರವಾನಗಿ ಮೇಲೆ ಬದುಕೋರು ನಾವು. ರಾಜಕೀಯ ಯಾಕೆ ಅಂತ..."

"ಹೆದರಿಕೆ ಆಗಿದ್ದರೆ ಮೊದಲೇ ಫೋನ್ ಮಾಡಿ ಬೇಡ ಅಂತಿದ್ರಿ ಸರ್," ಎಂದಳು ಬೃಂದಾ. "ನಿಮ್ಮ ನುಡಿಗೆ ನನ್ನ ಎರಡು ಭಾಗ ಪೀಠಿಕೆ ಆಗಬೇಕಿತ್ತು. ಮೂರನೆಯದನ್ನ ನೀವೇ ಓದಿ. ಅಧ್ಯಕ್ಷರ ನುಡಿ ಬದಲಿಗೆ."

"ನಾನಾ?"

"ಇಲ್ಲದಿದ್ದರೆ ಹಾಳೆ ಎಲ್ಲಿ ಸಿಕ್ಕಿತು ಅಂತಲೂ ಹೇಳ್ತೀನಿ."

ಹನ್ನೊಂದಕ್ಕೆ ಹಾಲ್ ಜನರಿಂದ ತುಂಬಿತು. ಬೃಂದಾ ಎರಡು ಭಾಗ ಓದಿ ಕುಳಿತಳು. ಮಧುಸೂದನ್ ಎದ್ದರು. "ಬಹುಪಾಲು ಕತೆಗಳು ಉಳಿದದ್ದು ಐಸ್‌ಲ್ಯಾಂಡಿನ ಹಸ್ತಪ್ರತಿಗಳಲ್ಲಿ. ಆದರೂ ಸರ್ವಾಧಿಕಾರಿಗಳು ಅವು ತಮ್ಮ ರಕ್ತದ ಸ್ವತ್ತೆಂದು ಸಾರಿದರು. ಆ ರಕ್ತವಿಲ್ಲದ ನೆರೆಯವರನ್ನು ಮೊದಲು ಮನೆಯಿಂದ, ಆಮೇಲೆ ಬದುಕಿನಿಂದಲೇ ಹೊರಹಾಕಿದರು." ದನಿ ಇಳಿಯಿತು.

"ಹಿಂದೆ ಕೇಳ್ತಾ ಇಲ್ಲ, ಅಧ್ಯಕ್ಷರೇ," ಎಂದ ಗ್ಲೆನ್.

ಮಧುಸೂದನ್ ಆ ಸಾಲನ್ನು ಮತ್ತೆ ಓದಬೇಕಾಯಿತು, ಈ ಸಲ ಎಲ್ಲರಿಗೂ ಕೇಳುವಂತೆ.