ಮೂರನೇ ವಿಳಾಸ

ಇದನ್ನು ಹೇಳಿದಾಗಲೆಲ್ಲ ಜನ ನನಗೇ ಡಿಎನ್ಎಸ್ ಪಾಠ ಹೇಳಲು ಬರುತ್ತಾರೆ. ಮೊದಲು ಪೂರ್ತಿ ಕೇಳಿ.

2003. ಚೆನ್ನೈನ ಪೆರುಂಗುಡಿಯ ನಮ್ಮ ಆಫೀಸಿನಲ್ಲಿ ಒಂದೇ ವೆಬ್‌ಸೈಟಿನ ಭಾರವನ್ನು ಮೂರು ಸರ್ವರ್‌ಗಳು ಹೊತ್ತಿದ್ದವು. ಬಂದವರಿಗೆ ಸರದಿಯಂತೆ ಒಂದೊಂದರ ವಿಳಾಸ ಕೊಡುವ ಡಿಎನ್ಎಸ್ ಪಟ್ಟಿ ನನ್ನ ಕೈಯಲ್ಲಿತ್ತು. ಮೂರನೆಯ ಸರ್ವರ್ ಸುಟ್ಟುಹೋಯಿತು. ನಾನೇ ಅದನ್ನು ಬಿಚ್ಚಿ, ಡಿಸ್ಕನ್ನು ನನ್ನ ಡ್ರಾಯರಿನಲ್ಲಿಟ್ಟು, ಪಟ್ಟಿಯಿಂದ ಅದರ ವಿಳಾಸ ಅಳಿಸಿದೆ.

ಹತ್ತು ದಿನವಾದರೂ ಮೂವರಲ್ಲಿ ಒಬ್ಬರು ಆ ವಿಳಾಸಕ್ಕೇ ಹೋಗುತ್ತಿದ್ದರು. ಹಾಳಾಗಲಿ ಎಂದರೆ, ಅವರಿಗೆ ಪುಟವೂ ತೆರೆಯುತ್ತಿತ್ತು!

"ಸೀರಿಯಲ್ ನಂಬರ್ ಏರಿಸಿದ್ಯಾ?" ಎಂದಳು ಜೊತೆಗೆ ಕೆಲಸ ಮಾಡುತ್ತಿದ್ದ ಅಕ್ಷಯಾ. ಪಟ್ಟಿ ತಿದ್ದಿ ಅದರ ನಂಬರ್ ಏರಿಸದಿದ್ದರೆ ಹೊರಗೆ ಹಳೆಯ ಪಟ್ಟಿಯೇ ಓಡುತ್ತದೆ.

"ನಾಲ್ಕು ಸಲ ಏರಿಸಿದೀನಿ. ತಲೆ ತಿನ್ಬೇಡ ಕಣೇ."

"ಹಂಗಾದ್ರೆ ಇಲ್ಲಿ ಕೈ ಇಟ್ಟು ನೋಡು."

ಸರ್ವರ್ ಕೋಣೆಯ ಎಸಿಯ ಕೊರೆಯುವ ಚಳಿಯಲ್ಲೂ ಆ ಸರ್ವರ್ ಇದ್ದ ಖಾಲಿ ಜಾಗ, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಂತೆ ಬೆಚ್ಚಗಿತ್ತು.

ಮ್ಯಾನೇಜರ್ ಬದರಿನಾಥ್ ಸಾರ್‌ಗೆ ಹೇಳಿದೆ. "ಕೆಲಸ ನಡೀತಿದೆಯಲ್ಲಪ್ಪಾ, ಅಪ್ಪುರಂ ಏನು, ಮತ್ತೇನು ಬೇಕು?" ಎಂದರು.

ಆಯುಧಪೂಜೆ ಬಂತು. ಅಂದು ಆಯುಧಗಳಿಗೆ ಬಿಡುವು ಕೊಡಲೇಬೇಕೆಂಬುದು ಸಾರ್ ಮನೆತನದ ಕಟ್ಟುನಿಟ್ಟು. ಸೈಟ್ ಒಂದು ದಿನ ಮುಚ್ಚಿದರೂ ಸರಿಯೆಂದು ಉಳಿದೆರಡು ಸರ್ವರ್‌ಗಳನ್ನೂ ಆಫ್ ಮಾಡಿಸಿ, ಗಂಧ ಕುಂಕುಮ ಹಚ್ಚಿ, ಕೋಣೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು.

ನಾನು ಬೆಸೆಂಟ್ ನಗರದ ಬ್ರೌಸಿಂಗ್ ಸೆಂಟರಿನಲ್ಲಿ ಸಂಜೆಯವರೆಗೂ ಕೂತು ನೋಡಿದೆ. ನಮ್ಮ ಪುಟ ಪ್ರತಿ ಸಲವೂ ತೆರೆಯಿತು. ಅದರ ಕೆಳಗೆ, ಬಂದುಹೋದವರ ಸಂಖ್ಯೆ ಒಂದೊಂದಾಗಿ ಏರುತ್ತಲೇ ಇತ್ತು.