ಕೆಂಪು ಗೀಟಿನ ಬಾಟಲಿಗಳು

"ಬಾಯಿ, ಹಾತ್ ಲಾವೂ ನಕಾ!"

ಮುಟ್ಟಬೇಡ ಎಂದು ಬೆನ್ನ ಹಿಂದಿನಿಂದ ಮರಾಠಿಯಲ್ಲಿ ಬಂದ ಕೂಗಿಗೆ ಮಾನಮ್ಮ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಗಾಜಿನ ಬಾಟಲಿ ಇನ್ನೇನು ಜಾರಬೇಕು... ಅಷ್ಟರಲ್ಲಿ ಎರಡು ಕೈಗಳು ಬಂದು ಅವಳ ಕೈಗಳ ಸಮೇತ ಅದನ್ನು ಹಿಡಿದುಕೊಂಡವು.

"ಯವ್ವಾ!" ಎಂದಳು.

ಹಿಡಿದವನು ಕಣ್ಣರಳಿಸಿದ. "ಕನ್ನಡದಾಕಿ ಏನು?"

"ಹೌದ್ರಿ... ಯಾದಗಿರಿ ಕಡೆಯಾಕಿ. ಬಾಟ್ಲಿ ತೊಳಿಯಾಕ ಇವತ್ತಿಂದ ಬಂದೀನ್ರಿ. ಮೊದಲ ಕೈ ಬಿಡ್ರಿ!"

ಅವನು ಅವಳ ಕೈ ಬಿಟ್ಟ, ಬಾಟಲಿಯನ್ನು ಬಿಡಲಿಲ್ಲ. "ಇದನ್ನ ಮೋರಿಗೆ ಚೆಲ್ಲಾಕ ಹೊಂಟಿದ್ದಿ. ಇದರಾಗ ಜೀವ ಅದ."

ಒಳಗೆ ಗುಲಾಬಿ ಬಣ್ಣದ ನೀರಷ್ಟೇ ಕಾಣುತ್ತಿತ್ತು. "ಯಾರ ಜೀವರಿ?"

"ಕ್ಯಾನ್ಸರಿಂದು. ಮನುಷ್ಯಾರ ಮೈಯಾಗಿಂದ ತಗದು ಇಲ್ಲಿ ಬೆಳಸ್ತೀವಿ. ಹೊತ್ತಿಗೆ ಸರಿಯಾಗಿ ನೀರು, ಕೂಳು ಎಲ್ಲಾ ಹಾಕಬೇಕು."

ಮಾನಮ್ಮನ ಮುಖ ಕಪ್ಪಿಟ್ಟಿತು. ಯರವಾಡದ ತಗಡಿನ ಗುಡಿಸಲಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿರುವ ಅವ್ವ ತಿಪ್ಪವ್ವ ಕಣ್ಣ ಮುಂದೆ ಬಂದಳು.

"ಇದನ್ನ ಸಾಕ್ತೀರೇನ್ರಿ? ನಮ್ಮವ್ವನ್ನ ಒಳಗಿಂದೊಳಗ ತಿನ್ನಾಕತ್ತದರಿ ಇದು! ಆಕಿಗೆ ಒಂದು ತುತ್ತು ಇಳಿಯಂಗಿಲ್ಲ... ನೀವು ಇದಕ್ಕ ಉಣಿಸಿ ಬೆಳಸಾಕತ್ತೀರಿ!"

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅಂದ.

"ಕೊಲ್ಲಾಕ ಸಾಕೀನಿ."

ಅವನ ಹೆಸರು ರಾಮಲಿಂಗಪ್ಪ. ವಿಜಾಪುರದ ಗುಮಾಸ್ತರ ಮಗ. ೧೯೭೯ರಲ್ಲಿ ಪುಣೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಅವನಷ್ಟು ಕಡಿಮೆ ಮಾತಿನವನು ಇನ್ನೊಬ್ಬನಿರಲಿಲ್ಲ. ಮನುಷ್ಯರಿಗಿಂತ ಗಿಡಗಳ ಸಹವಾಸವೇ ಅವನಿಗೆ ಹೆಚ್ಚು. ಬೇರು, ತೊಗಟೆ ಕುಟ್ಟಿ, ಅವುಗಳ ಸತ್ವ ಇಳಿಸಿ, ಬಾಟಲಿಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡುವುದು ಅವನ ಕೆಲಸ. ಎಷ್ಟೋ ಗಿಡಗಳು ಕೈಕೊಟ್ಟಿದ್ದವು. ಈಗ ಬೇಲಿ ಬದಿಯ ಉತ್ತರಾಣಿಯ ಸರದಿ.

ಸತ್ವ ಹಾಕುವ ಬಾಟಲಿಗಳಿಗೆ ಕೆಂಪು ಗೀಟು ಎಳೆದಿರುತ್ತಿದ್ದ. ಏನೂ ಹಾಕದೆ ಸುಮ್ಮನೆ ಬೆಳೆಸುವ ಬಾಟಲಿಗಳಿಗೆ ಗೀಟಿಲ್ಲ. ಎರಡನ್ನೂ ಹೋಲಿಸಿ ನೋಡಿದರೆ ಮಾತ್ರ ಗಿಡದ ಗುಣ ತಿಳಿಯುತ್ತದೆ. ತೊಳೆಯುವಾಗಲೂ ಒಂದಕ್ಕೊಂದು ಬೆರೆಯಬಾರದೆಂದು ಮಾನಮ್ಮನಿಗೆ ಮತ್ತೆ ಮತ್ತೆ ಹೇಳಿದ್ದ. ಅವಳು ಎಂದೂ ಬೆರೆಸಲಿಲ್ಲ.

ದಿನ ಕಳೆದಂತೆ ಅವಳ ಸಿಟ್ಟು ಕರಗಿತು. ಅವನ ಚಹಾ ಆರಿಹೋದರೆ ಬಿಸಿ ಮಾಡಿ ತಂದಿಡುವಷ್ಟು ಕರಗಿತು. ಅವನೂ ಅಷ್ಟೇ... ಅವಳು ಬರುವುದು ತಡವಾದರೆ ಕಿಟಕಿಯಿಂದ ಬಸ್ ಸ್ಟಾಪಿನ ಕಡೆ ನೋಡುತ್ತಿದ್ದ. ಕೇಳಿದರೆ ಮೋಡ ನೋಡುತ್ತಿದ್ದೇನೆ ಎನ್ನುತ್ತಿದ್ದ!

ಒಂದು ಮಧ್ಯಾಹ್ನ ಅವನು ಕೂಗಿದ.

"ಮಾನಮ್ಮಾ! ಲಗೂನ ಬಾ ಇಲ್ಲಿ!"

ಸೂಕ್ಷ್ಮದರ್ಶಕಕ್ಕೆ ಅವಳು ಕಣ್ಣು ಹಚ್ಚಿದಳು. ಒಳಗೆ ನೀಲಿ ಚುಕ್ಕೆಗಳು... ಎಲ್ಲಿ ನೋಡಿದರೂ ನೀಲಿ.

"ಸತ್ತ ಕೋಶ ಅಷ್ಟ ನೀಲಿ ಬಣ್ಣ ಕುಡೀತಾವ. ಗೀಟಿಲ್ಲದ ಬಾಟ್ಲಿಯಾಗ ಎಲ್ಲಾ ಜೀವಂತ ಅದಾವ. ಕೆಂಪು ಗೀಟಿನ ಬಾಟ್ಲಿಯಾಗ..."

"ಎಲ್ಲಾ ಸತ್ತಾವೇನ್ರಿ?"

"ಎಲ್ಲಾ!"

ಮಾನಮ್ಮ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು, ಅಳುತ್ತಲೇ ನಕ್ಕಳು. ಆಸ್ಪತ್ರೆಯವರು ಅವ್ವನಿಗೆ ಕೊಡುವಷ್ಟು ವಿಕಿರಣದ ಕರೆಂಟು ಕೊಟ್ಟು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಆ ಮಾತಿನ ಅರ್ಥ ಅವಳಿಗೆ ಗೊತ್ತಿತ್ತು. ಇವತ್ತು ಆ ಮಾತು ಸುಳ್ಳಾಯಿತು! ಮನೆಗೆ ಓಡಿ ಅವ್ವನ ಕಿವಿಯಲ್ಲಿ ಹೇಳಿದಳು. "ಔಷಧ ಸಿಕ್ತವ್ವಾ!"

ಆದರೆ ರಾಮಲಿಂಗಪ್ಪ ಕೊಡಲು ಒಪ್ಪಲಿಲ್ಲ.

"ಇನ್ನೂ ಇಲಿಗೂ ಕೊಟ್ಟಿಲ್ಲ, ನಿಮ್ಮವ್ವಗ ಹೆಂಗ ಕೊಡ್ಲಿ?"

"ನಮ್ಮವ್ವನ್ನ ಇಲಿ ಅಂತ ತಿಳ್ಕೊಂಡು ಕೊಡ್ರಿ!"

"ಮಾನಮ್ಮ..."

"ಇಲಿಗೆ ಕೊಟ್ಟು ನೋಡೂತನಕ ಆಕಿ ಬದಕಂಗಿಲ್ರಿ! ನಿಮ್ಮ ಕಾಲು ಹಿಡಕೋತೀನಿ..."

ಅವನು ಅವಳನ್ನು ಬಾಗಲು ಬಿಡಲಿಲ್ಲ. ಅವನ ಕಣ್ಣೂ ತುಂಬಿತ್ತು. "ಇನ್ನೊಮ್ಮೆ ಪರೀಕ್ಷಾ ಮಾಡ್ತೀನಿ. ಅದೂ ಹಿಂಗ ಬಂದ್ರ, ಆಸ್ಪತ್ರಿ ದೊಡ್ಡ ಡಾಕ್ಟರ್ ಹತ್ರ ನಾನ ಹೋಗಿ ಬೇಡ್ಕೋತೀನಿ."

ಆ ವಾರ ತಿಪ್ಪವ್ವನ ಮೈ ತೀರಾ ಕೆಟ್ಟಿತು. ಮಾನಮ್ಮನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ನೋವಿನ ನಡುವೆಯೂ ಅವ್ವ ಬೆಳಗಾದರೆ ಕೇಳುತ್ತಿದ್ದಳು. "ಔಷಧ ಯಾವಾಗ ಬರ್ತದ ಮಗಳ?" ಮಾನಮ್ಮ ನಕ್ಕು, "ಇನ್ನೇನು ಬಂತವ್ವಾ," ಎನ್ನುತ್ತಿದ್ದಳು.

ಮತ್ತೆ ಕೆಲಸಕ್ಕೆ ಬಂದಾಗ ಅವನ ಮೇಜು ಬರಿದಾಗಿತ್ತು. ಅವನು ಅವಳ ಮುಖವನ್ನೇ ನೋಡಲಿಲ್ಲ.

"ಉತ್ತರಾಣಿ ಕೆಲಸ ನಿಲ್ಸೀನಿ. ಅದು ಏನೂ ಮಾಡಂಗಿಲ್ಲ."

"ಸುಳ್ಳ! ನನ್ನ ಕಣ್ಣಿಲೆ ನೋಡೀನಿ ನಾನು! ಇದನ್ನ ನೀವು ಮುಂಬಯಿಯಾಗ ವಿಜ್ಞಾನಿಗಳ ಮೀಟಿಂಗಿನಾಗ ಓದತೀರಿ ಅಂತ ಎಲ್ಲಾರೂ ಅನ್ನಾಕತ್ತಿದ್ರು. ಈಗ ಔಷಧ ದೊಡ್ಡವರಿಗೆ ಬೇಕಾತೇನ್ರಿ? ಕಲ್ಲು ಮಣ್ಣು ಹೊತ್ತ ಮುದುಕಿ ಸತ್ರ ಯಾರು ಕೇಳ್ತಾರ ಅಂತೀರೇನು?"

ಇಷ್ಟು ದಿನ ಪ್ರೀತಿ ಎಂದು ತಿಳಿದದ್ದು ಇದನ್ನೇ ಏನು? ಅವಳ ಎದೆ ಉರಿಯಿತು. ಅವನು ಆ ಮಾತುಗಳನ್ನೆಲ್ಲ ನಿಂತು ಕೇಳಿದ.

"ನೀ ಇಲ್ಲದಾಗ ಬಾಟ್ಲಿ ನಾ ತೊಳದೆ. ಮತ್ತ ಮತ್ತ ಮಾಡಿ ನೋಡಿದೆ. ಒಂದು ಕೋಶನೂ ಸಾಯಲಿಲ್ಲ. ಮಾನಮ್ಮ... ಕೆಂಪು ಗೀಟಿನವನ್ನ ನೀ ಯಾತರಲೆ ತೊಳೀತಿದ್ದಿ?"

"ಅಂಟವಾಳದ ನೊರಿಲೆ!" ಎಂದಳು ತಲೆಯೆತ್ತಿ. "ಗೀಟಿಲ್ಲದವನ್ನ ನಿಮ್ಮ ಸೋಡಾದಾಗ ತೊಳೀತಿದ್ದೆ. ಕೆಂಪು ಗೀಟಿನವು ಔಷಧದ ಬಾಟ್ಲಿ ಅಲ್ರಿ? ಅವ್ವನ ಇಳಕಲ್ ಸೀರಿ, ತಾಳಿ ತೊಳದಂಗ ತೊಳದೀನಿ. ಮನಿಯಿಂದ ಕಾಯಿ ತಂದು, ನೆನಸಿ..."

ಅವನು ಕಣ್ಣು ಮುಚ್ಚಿಕೊಂಡ.

"ಆ ನೊರಿ ಗಾಜಿಗೆ ಅಂಟಿ ಉಳದದ. ಕೊಂದಿದ್ದು ಅದು. ಉತ್ತರಾಣಿ ಅಲ್ಲ."

ಮಾನಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಂತರ ಅವಳ ಕಣ್ಣು ಹೊಳೆದವು. "ಹಂಗಾರ ಅಂಟವಾಳಾನ ಔಷಧ ಆತಲ್ರಿ! ಮನಿಯಾಗ ಇನ್ನೂ ಅದಾವ, ಅರದು ಕುಡಸೂಣು..."

"ಬ್ಯಾಡ!" ಅವನು ಅವಳ ಎರಡೂ ತೋಳು ಹಿಡಿದ. "ಅದು ಒಳ್ಳೇ ಕೋಶನೂ ಕೊಲ್ತದ. ರಕ್ತಕ್ಕ ಇಳದ್ರ ರಕ್ತಾನ ಒಡೀತದ. ಬಾಟ್ಲಿಯಾಗ ಕೊಲ್ಲೂದು ಸಸಾರ, ಮಾನಮ್ಮ. ಮನುಷ್ಯಾರನ್ನ ಉಳಿಸಿ ಅದನ್ನಷ್ಟ ಕೊಲ್ಲೂದು... ಅದು ಇನ್ನೂ ನನಗ ಸಿಕ್ಕಿಲ್ಲ."

ಅವಳು ತೋಳು ಬಿಡಿಸಿಕೊಂಡು ಓಡಿದಳು. ಮುಠಾ ನದಿಯ ಸೇತುವೆ ದಾಟುವಾಗ ಕಟ್ಟೆ ಹಿಡಿದು ನಿಂತಳು. ಅವ್ವನಿಗೆ ಆಸೆ ಹುಟ್ಟಿಸಿದವಳು ತಾನು. ಅವನ ಇಷ್ಟು ದಿನದ ದುಡಿಮೆ ಮಣ್ಣುಪಾಲು ಮಾಡಿದವಳೂ ತಾನೇ! ಯಾವ ಮುಖ ಹೊತ್ತು ಅಲ್ಲಿಗೆ ಮರಳುವುದು?

ಅವಳು ಮರಳಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಕುಸುಮತಾಯಿ ಹುಡುಕಿಕೊಂಡು ಬಂದು ಸುದ್ದಿ ಹೇಳಿದಳು. ಮುಂಬಯಿ ಮೀಟಿಂಗಿನಿಂದ ರಾಮಲಿಂಗಪ್ಪನ ಹೆಸರು ತೆಗೆದುಹಾಕಿದ್ದರು. ಸಂಸ್ಥೆಯ ದೊಡ್ಡ ಸಾಹೇಬರು ಎಲ್ಲರೆದುರು ಬೈದಿದ್ದರು. ಬಾಟಲಿ ತೊಳೆದದ್ದರಲ್ಲಿ ತಪ್ಪಾಗಿದೆ, ತೊಳೆದವನು ನಾನೇ ಎಂದು ಅವನು ಹೇಳಿದ್ದನಂತೆ. ಅದನ್ನು ಕೇಳಿ ಮಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಒಳಗಿನಿಂದ ಅವ್ವನ ದನಿ ಬಂತು. "ಔಷಧ ಬಂತೇನು ಮಗಳ?"

ಭಾನುವಾರ ಹೊತ್ತೇರಿದಾಗ ಗುಡಿಸಲಿನ ಬಾಗಿಲಲ್ಲಿ ಒಬ್ಬರ ನೆರಳು ಬಿತ್ತು. ತಗಡಿಗೆ ತಲೆ ತಾಗದಂತೆ ಬಗ್ಗಿ ರಾಮಲಿಂಗಪ್ಪ ಒಳಗೆ ಬಂದ.

"ಔಷಧದ ಸಾಹೇಬ್ರೇನು?" ತಿಪ್ಪವ್ವ ಕಣ್ಣು ತೆರೆದಳು.

ಅವ್ವನ ತಲೆದೆಸೆಯಲ್ಲಿ ನಿಂತಿದ್ದ ಮಾನಮ್ಮ ಅವನಿಗೆ ಕೈ ಮುಗಿದಳು. ಬೇಡ, ಹೇಳಬೇಡಿ ಎಂದು ತಲೆಯಾಡಿಸಿದಳು. ಅವನು ಅವಳನ್ನೊಮ್ಮೆ ನೋಡಿ, ನೆಲದ ಮೇಲೆ ಕುಳಿತು, ಮುದುಕಿಯ ಕೈ ಹಿಡಿದುಕೊಂಡ.

"ಔಷಧ ಇಲ್ರಿ ಯವ್ವಾ. ಸಿಕ್ತು ಅಂತ ತಿಳದಿದ್ದೆ. ತಪ್ಪು ತಿಳದಿದ್ದೆ."

ತಿಪ್ಪವ್ವ ಅವನ ಕೈ ಸವರಿದಳು.

"ನನಗ ಗೊತ್ತಿತ್ತೋ ಯಪ್ಪಾ. ನನ್ನ ಮೈ ನನಗ ಹೇಳಂಗಿಲ್ಲೇನು?"

"ಮತ್ತ ದಿನಾ ಕೇಳ್ತಿದ್ದಿಯಲ್ಲವ್ವಾ!" ಮಾನಮ್ಮ ಚೀರಿದಳು.

"ಕೇಳಿದಾಗೊಮ್ಮೆ ನೀ ನಗತಿದ್ದಿ," ಎಂದಳು ತಿಪ್ಪವ್ವ. "ನಿನ್ನ ನಗಿ ನೋಡಿ ಭಾಳ ದಿನ ಆಗಿತ್ತು. ಅದಕ್ಕ ಕೇಳ್ತಿದ್ದೆ."

ಮಾನಮ್ಮ ಅವ್ವನ ಎದೆಯ ಮೇಲೆ ಬಿದ್ದು ಮನಸಾರೆ ಅತ್ತಳು. ಇನ್ನು ಮುಚ್ಚಿಡುವುದು ಏನೂ ಇರಲಿಲ್ಲ. ಅತ್ತು ಮುಗಿದು ಅವ್ವನಿಗೆ ಜೊಂಪು ಹತ್ತಿದ ಮೇಲೆ ಇಬ್ಬರೂ ಹೊಸ್ತಿಲಲ್ಲಿ ಕುಳಿತರು.

"ನಿಮ್ಮ ಕೆಲಸ ಹಾಳು ಮಾಡಿದಾಕಿ ನಾನು. ತಪ್ಪು ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

"ನಿನ್ನ ಹೆಸರು ಹೇಳಾಕ ನಾಲಗಿ ಏಳಲಿಲ್ಲ."

"ಯಾಕರಿ?"

ಗಿಡಗಳ ಉದ್ದುದ್ದ ಹೆಸರನ್ನು ಪಟಪಟನೆ ಹೇಳುವವನು ಈಗ ತಡವರಿಸಿದ. "ಯಾಕಂದ್ರ... ಮಾನಮ್ಮ, ನೀ ಅಂದ್ರ ನನಗ ಜೀವ. ಮೊದಲ ಹೇಳಬೇಕಿತ್ತು. ಔಷಧ ಕೊಡಲಾರದವ ಮನಸ್ಸು ಕೊಡ್ತೀನಿ ಅಂತ ಹೆಂಗ ಹೇಳ್ಲಿ ಅಂತ ಸುಮ್ಮನಿದ್ದೆ."

ಅವಳ ಕಣ್ಣೀರು ಮತ್ತೆ ಇಳಿಯಿತು. "ಔಷಧ ಕೇಳಾಕ ನಿಮ್ಮ ಹತ್ರ ಬರ್ತಿದ್ದೆ ಅಂತ ತಿಳದೀರೇನು? ಮೊದಮೊದಲು ಹೌದು... ಆಮ್ಯಾಲೆ ನಿಮ್ಮನ್ನ ನೋಡಾಕನ ಬರ್ತಿದ್ದೆರಿ."

ಒಳಗೆ ತಿಪ್ಪವ್ವ ನರಳಿದಳು. ಇಬ್ಬರೂ ಒಟ್ಟಿಗೆ ಎದ್ದರು. ಅವನು ಮುದುಕಿಯ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದ. ಮಾನಮ್ಮ ಚಮಚದಲ್ಲಿ ಗಂಜಿ ಹಾಕಿದಳು. ಅರ್ಧ ಹೊರಗೆ ಬಂತು, ಅರ್ಧ ಇಳಿಯಿತು. ಅವ್ವ ಉಳಿಯುವುದಿಲ್ಲ ಎಂದು ಈಗ ಅವಳಿಗೆ ಗೊತ್ತು. ಅದನ್ನು ಒಬ್ಬಳೇ ಹೊರಬೇಕೆಂಬ ಭಯ ಮಾತ್ರ ಇನ್ನೂ ಎದೆಯಲ್ಲಿ ಕುಳಿತಿತ್ತು.

"ನಾಳೆ ಬರ್ತೀರೇನ್ರಿ?" ಎಂದಳು ಅಂಜುತ್ತಾ.

ಅವನು ಮುದುಕಿಯ ಬಾಯಿ ಒರೆಸುತ್ತಾ ಹೇಳಿದ.

"ಹೋದ್ರ ತಾನ ಬರೂದು? ನಾ ಎಲ್ಲೂ ಹೋಗಂಗಿಲ್ಲ."